ಹನಿ ಬೀಳುತ್ತಿದ್ದರೂ ಮರ ಹತ್ತುವ ಗಂಡ: ಓದುಗರ ಸ್ಪಂದನ

ಹಿರಿಯಡ್ಕ ಕಡೆಯ ಓದುಗರೊಬ್ಬರು ಬರೆದಿದ್ದ ಸಮಸ್ಯೆ ಇದು: "ನನ್ನ ಗಂಡನಿಗೆ ಐವತ್ತು ದಾಟಿದೆ. ಮೀಸೆ ಮೂಡುವ ಮೊದಲೇ ಸುರುವಾದ ಕೆಲಸ, ತೆಂಗು ಮತ್ತು ಅಡಿಕೆ ಮರ ಹತ್ತುವುದು. ಬೆಳಗಾಗುವ ಮೊದಲೇ ಫೋನ್ ಬರುತ್ತದೆ. ಒಬ್ಬರಿಗೆ ಕಾಯಿ ಹಂಚಿನ ಮೇಲೆ ಬೀಳುತ್ತದಂತೆ, ಇನ್ನೊಬ್ಬರಿಗೆ ಅಡಿಕೆಗೆ ಮದ್ದು ಬಿಡಬೇಕಂತೆ. ಎಲ್ಲರೂ ಮಾವನ ಕಾಲದಿಂದ ಗೊತ್ತಿರುವ ಮನೆಯವರು. ಇವರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಹನಿ ಬೀಳುತ್ತಿದ್ದರೂ ಹೊರಡುತ್ತಾರೆ. ಕಳೆದ ಆಟಿಯಲ್ಲಿ, ಜೋರು ಮಳೆಯ ಆ ತಿಂಗಳಲ್ಲಿ, ಇವರ ಜೊತೆಗಾರ ಬಿದ್ದು ಹಾಸಿಗೆ ಹಿಡಿದ ಮೇಲೆ ನನಗೆ ನಿದ್ದೆ ಇಲ್ಲ. ಮಾತಾಡಿದರೆ ಜಗಳ. ಮಗಳ ಕಾಲೇಜಿನ ಫೀಸು ಈ ದುಡಿಮೆಯಿಂದಲೇ ಆಗಬೇಕು. ನಾನೇನು ಮಾಡಲಿ?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಅಕ್ಕ, ಮೊದಲು ಆ ಫೋನನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ.

ನನ್ನ ಗಂಡನದ್ದೂ ಇದೇ ಕೆಲಸ. "ನೀನು ಬರದಿದ್ದರೆ ಇನ್ಯಾರು ಬರುತ್ತಾರೆ" ಅಂತ ಯಾರಾದರೂ ಅಂದರೆ ಸಾಕು, ಮರ ಹತ್ತುವಾಗ ಕಾಲಿಗೆ ಹಾಕುವ ತಳೆಯನ್ನು ಹೆಗಲಿಗೆ ಹಾಕಿ ಹೊರಟಾಯಿತು. ಈಗ ನಮ್ಮಲ್ಲಿ ಬೆಳಗ್ಗಿನ ಫೋನ್ ಎತ್ತುವುದು ನಾನು. ಯಾವ ಮನೆ, ಎಷ್ಟು ಮರ, ತೆಂಗೋ ಅಡಿಕೆಯೋ, ಹತ್ತಿರ ಕರೆಂಟಿನ ತಂತಿ ಉಂಟೋ ಎಲ್ಲ ಕೇಳಿ ಹಳೆ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತೇನೆ. ಮಳೆ ಇದ್ದರೆ, "ಇವತ್ತು ಆಗುವುದಿಲ್ಲ, ಬಿಸಿಲು ಬಂದ ಮರುದಿನ ನಿಮ್ಮದೇ ಮೊದಲು" ಅಂತ ಹೇಳುತ್ತೇನೆ. ಹೆಚ್ಚಿನವರು ಒತ್ತಾಯ ಮಾಡುವುದಿಲ್ಲ. ಮಾಡಿದರೂ ನನಗೆ ದಾಕ್ಷಿಣ್ಯ ಇಲ್ಲ. ಇವರ ಮರ್ಯಾದೆಗೂ ಕುಂದಿಲ್ಲ, ಇಲ್ಲ ಅಂದದ್ದು ಇವರಲ್ಲವಲ್ಲ.

ಜಗಳ ಆಗುವುದು ಯಾಕೆ ಅಂದರೆ, ನಾವು ಮಾತು ತೆಗೆಯುವುದು ಅವರು ಅಂಗಳಕ್ಕೆ ಇಳಿದ ಹೊತ್ತಿಗೆ. ಆಗ ಅವರು ಆ ಮನೆಗೆ ಮಾತು ಕೊಟ್ಟಾಗಿರುತ್ತದೆ. ಹೊರಡುವವರಿಗೆ ಬೀಳುವ ಮಾತು ಹೇಳಿದರೆ ಕೋಪ ಬರದೆ ಇರುತ್ತದಾ? ರಾತ್ರಿ ಗಂಜಿ ಊಟ ಆದ ಮೇಲೆ ಮಾತಾಡಿ. ಭಯ ಅಂತ ಸುರು ಮಾಡಬೇಡಿ. ನಾಳೆ ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಸುರು ಮಾಡಿ.

ಇನ್ನು ಹಂಚಿನ ಮೇಲೆ ಬೀಳುವ ಕಾಯಿ. ಇದಕ್ಕೆ ಮಳೆಗಾಲದಲ್ಲಿ ಓಡುವುದು ಯಾಕೆ? ಫಲ ಬರುವ ತೆಂಗಿನಲ್ಲಿ ಸುಮಾರಾಗಿ ತಿಂಗಳಿಗೊಂದು ಗೊನೆ ಬಲಿಯುತ್ತದೆ. ಜೂನ್, ಜುಲೈಯಲ್ಲಿ ಯಾವುದು ಬೀಳಬಹುದು ಅಂತ ಮೇ ತಿಂಗಳಲ್ಲೇ ಮರದ ಮಂಡೆ ನೋಡಿದರೆ ನಿಮ್ಮವರಿಗೆ ಗೊತ್ತಾಗುತ್ತದೆ. ನಾವು ಏಪ್ರಿಲ್‌ನಲ್ಲಿ ನಾವಾಗಿಯೇ ಫೋನ್ ಮಾಡುತ್ತೇವೆ. ಮಾಡಿನ ಮೇಲೆ, ಹಟ್ಟಿಯ ಮೇಲೆ, ಮಕ್ಕಳು ನಡೆಯುವ ದಾರಿಯ ಮೇಲೆ ಬಾಗಿದ ಮರಗಳು ಮೊದಲು. ಒಣ ಮಡಲು, ಬಲಿತ ಗೊನೆ, ಅರೆ ಬಲಿತದ್ದೂ ಇಳಿಸಿಬಿಡುತ್ತಾರೆ. ಮನೆಯವರಿಗೆ ನಾಲ್ಕು ಕಾಯಿ ನಷ್ಟವಾಗಬಹುದು, ಮಳೆಗಾಲದಲ್ಲಿ ಹಂಚು ಒಡೆದು ಒಳಗೆ ನೀರು ಬೀಳುವುದು ತಪ್ಪುತ್ತದೆ. ಬೇಸಗೆಯಲ್ಲಿ ಕೆಲಸ ಜಾಸ್ತಿ ಸಿಕ್ಕಿದರೆ ಆಟಿಯಲ್ಲಿ ಕೂತು ತಿನ್ನಲು ಸ್ವಲ್ಪ ಉಳಿಯುತ್ತದೆ. ನಮ್ಮಲ್ಲಿ ಮಕ್ಕಳ ಫೀಸಿನ ದುಡ್ಡನ್ನು ಆ ಎರಡು ತಿಂಗಳಲ್ಲೇ ಬೇರೆ ಇಡುತ್ತೇವೆ. ಮಳೆಗಾಲದ ದುಡಿಮೆಗೆ ಕಾಯುವ ಹಾಗೆ ಇಟ್ಟುಕೊಳ್ಳುವುದಿಲ್ಲ.

ಮರ ಹತ್ತುವುದನ್ನೇ ಬಿಡಿ ಅಂತ ಮಾತ್ರ ಹೇಳಬೇಡಿ ಅಕ್ಕ. ಅವರಿಗೆ ಅದು ಬರೀ ಸಂಬಳ ಅಲ್ಲ.

– ಬೆಳ್ಮಣ್ ಕಡೆಯ ಓದುಗರು

ಈ ಪತ್ರವನ್ನು ಅಣ್ಣನಿಗೆ ಓದಿ ಹೇಳಿ. ನಾನೂ ಮರ ಹತ್ತುವವನೇ.

ಅಣ್ಣ, ಒದ್ದೆ ಅಡಿಕೆ ಮರಕ್ಕೆ ಹತ್ತಿ ಮದ್ದು ಬಿಟ್ಟರೆ ಯಾರಿಗೂ ಲಾಭ ಇಲ್ಲ. ಗೊನೆಯಲ್ಲಿ ನೀರು ಇಳಿಯುತ್ತಿದ್ದರೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಮದ್ದು ಕಾಯಿಗೆ ಹಿಡಿಯುವುದಿಲ್ಲ, ತೊಳೆದು ಬುಡಕ್ಕೆ ಬರುತ್ತದೆ. ಮೈಲುತುತ್ತಿನ ದುಡ್ಡೂ ಹೋಯಿತು, ಕೊಳೆರೋಗವೂ ಬಂತು. ತೋಟದವರಿಗೆ ಇದನ್ನೇ ಹೇಳಿ. ಅಡಿಕೆಯ ವಿಷಯ ಅಂದರೆ ಅವರಿಗೆ ಬೇಗ ಅರ್ಥವಾಗುತ್ತದೆ, ನಿಮಗೂ ಹೇಳಲು ಸಂಕೋಚ ಇಲ್ಲ.

ಮೊದಲ ಮದ್ದು ಮಳೆ ಹಿಡಿಯುವ ಮೊದಲು, ಎರಡನೆಯದು 40-45 ದಿನ ಕಳೆದು. ಮೊದಲನೆಯದಕ್ಕೆ ತೊಂದರೆ ಇಲ್ಲ. ಎರಡನೆಯದು ಬರುವುದು ಸರಿಯಾಗಿ ಆಟಿಯ ಹೊತ್ತಿಗೆ. ಆಗ ಬಿಸಿಲಿನ ತೆರಪು ನೋಡಿಯೇ ಬಿಡಬೇಕು. ಇಲ್ಲೊಂದು ಸಂಗತಿ ಗಮನಿಸಿ. ನಮ್ಮನ್ನು ಒದ್ದೆ ಮರಕ್ಕೆ ಹತ್ತಿಸುವುದು ಹೆಚ್ಚಾಗಿ ಡ್ರಮ್ಮಿನಲ್ಲಿ ಕಲಸಿಟ್ಟ ಮದ್ದು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೆಳಿಗ್ಗೆಯೇ ಎಲ್ಲ ಕಲಸಿ ಆಗಿರುತ್ತದೆ. ಅದನ್ನು ಅವತ್ತೇ ಬಿಟ್ಟು ಮುಗಿಸಬೇಕು. ಮೋಡ ಕವಿದರೂ "ಕಲಸಿದ್ದು ಹಾಳಾಗುತ್ತದೆ, ಬೇಗ ಬೇಗ" ಅಂತ ಸುರುವಾಗುತ್ತದೆ. ಅದಕ್ಕೆ ನಾನು ಬಂದು ಮರ ಮುಟ್ಟಿ ನೋಡುವ ತನಕ ಕಲಸಬೇಡಿ ಅಂತ ಹಿಂದಿನ ದಿನವೇ ಹೇಳಿಡುತ್ತೇನೆ. ಕಲಸುವಾಗಲೂ ಅರ್ಧರ್ಧ. ಶುಭ್ರವಾದ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆದಾಗ ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಇದು ನಿಮಗೆ ಗೊತ್ತಿದ್ದದ್ದೇ.

ಮರ ಮುಟ್ಟುವುದು ಅಂದರೆ, ಬಿಸಿಲು ಬೀಳದ ಬದಿಗೆ ಅಂಗೈ ಒತ್ತಿ ಕೆಳಗೆ ಎಳೆಯಿರಿ. ಕೈಗೆ ಹಸಿರು ಪಾಚಿ ಬಂತಾ, ಆ ಮರ ಅವತ್ತಿಗೆ ಬೇಡ. ಮೇಲಿನ ಅರ್ಧ ಒಣಗಿದ್ದರೂ ಕೆಳಗಿನ ಅರ್ಧ ಒದ್ದೆ ಇರುತ್ತದೆ. ಹತ್ತುವಾಗ ದಾಟಿಬಿಡುತ್ತೇವೆ, ಇಳಿಯುವಾಗ ಕಾಲು ಸೋತಿರುತ್ತದೆ. ಜಾರುವುದು ಆಗಲೇ.

ಒಂದು ಮರದಿಂದ ಬಾಗಿ ಇನ್ನೊಂದನ್ನು ಹಿಡಿದು ದಾಟುವುದನ್ನು ಈ ವಯಸ್ಸಿಗೆ ಬಿಟ್ಟುಬಿಡಿ ಅಣ್ಣ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಬಂದಿದೆ. ನೆಲದಲ್ಲಿ ನಿಂತೇ ಗೊನೆ ತೆಗೆಯಬಹುದು, ಮದ್ದೂ ಬಿಡಬಹುದು. ಮೊದಮೊದಲು ಕುತ್ತಿಗೆ, ಭುಜ ಹಿಡಿಯುತ್ತದೆ. ದೋಟಿ ತುಂಬಾ ಹಗುರ ಅಂತ ಮೈಮರೆಯಬಾರದು. ಕಾರ್ಬನ್ ಫೈಬರಿನಲ್ಲಿ ಕರೆಂಟು ಹಾಯುತ್ತದೆ. ತಂತಿ ಹಾದುಹೋದ ತೋಟದಲ್ಲಿ ಲೈನ್ ಬಂದ್ ಮಾಡಿಸದೆ ದೋಟಿ ಎತ್ತಲೇಬಾರದು. ಅಡಿಕೆ, ತೆಂಗಿನಂಥ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ವಿಟ್ಲ ಕೇಂದ್ರದಲ್ಲಿ ಅಡಿಕೆ ಕೊಯ್ಲಿನ ತರಬೇತಿ ನಡೆದದ್ದುಂಟು. ಮುಂದೆ ಯಾವಾಗ ಅಂತ ಕೇಳಿ ನೋಡಿ, ಅನುಭವ ಇರುವವರು ದೋಟಿಯನ್ನೂ ಬೇಗ ಕಲಿಯುತ್ತಾರೆ. ತೆಂಗಿಗಾದರೆ 2011ರಿಂದ ತೆಂಗು ಅಭಿವೃದ್ಧಿ ಮಂಡಳಿ ಹೊಸಬರಿಗೆ ಯಂತ್ರದಲ್ಲಿ ಹತ್ತುವುದನ್ನು ಕಲಿಸುತ್ತಿದೆ. ಯಂತ್ರದ ಜೊತೆ ಸೊಂಟದ ಬೆಲ್ಟ್ ಹಾಕಿ. ನಮ್ಮ ಕಡೆಯ ಹಿರಿಯರು ಬೆಲ್ಟ್ ಅಂದರೆ ಅವಮಾನ ಅಂದುಕೊಳ್ಳುತ್ತಾರೆ. ಬೈಕಿನವನಿಗೆ ಹೆಲ್ಮೆಟ್ ಇದ್ದ ಹಾಗೆ ನಮಗೆ ಅದು.

– ಕಿನ್ನಿಗೋಳಿ ಹತ್ತಿರದ ಓದುಗರು

ನಾನು ಆಸ್ಪತ್ರೆಯಲ್ಲಿ ನರ್ಸ್. ಅಕ್ಕನ ಭಯ ಸುಮ್ನೆ ಅಲ್ಲ. ಮಳೆಗಾಲದಲ್ಲಿ ಮರದಿಂದ ಬಿದ್ದವರನ್ನು ನಾವು ನೋಡುತ್ತಲೇ ಇರುತ್ತೇವೆ. ಎಷ್ಟೋ ಸಲ ಬಿದ್ದ ಪೆಟ್ಟಿನ ಜೊತೆಗೆ ಎತ್ತಿದ ಪೆಟ್ಟೂ ಸೇರಿರುತ್ತದೆ.

ಯಾರಾದರೂ ಬಿದ್ದರೆ ಗಾಬರಿಯಲ್ಲಿ ಕೈ, ಕಾಲು ಹಿಡಿದು ಎತ್ತಬೇಡಿ. ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. ರಿಕ್ಷಾದಲ್ಲಿ ಮಡಚಿ ಮಲಗಿಸಬೇಡಿ. ಬೆನ್ನೆಲುಬು ಮುರಿದಿದ್ದರೆ ಒಳಗಿನ ಬೆನ್ನುಹುರಿ ಕತ್ತರಿಸಿಹೋಗಬಹುದು. ಬಿದ್ದ ಹಾಗೆಯೇ ಇರಲಿ, ಒಬ್ಬರು ತಲೆಯನ್ನು ಎರಡೂ ಕಡೆಯಿಂದ ಅಲುಗಾಡದ ಹಾಗೆ ಹಿಡಿದುಕೊಳ್ಳಲಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ತೋಟದಿಂದ ರಸ್ತೆಗೆ ತರಲೇಬೇಕಾದರೆ ಬಾಗಿಲಿನ ಹಲಗೆ ತನ್ನಿ. ನಾಲ್ಕೈದು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ಗೆರೆಯಲ್ಲಿ ಇರುವ ಹಾಗೆ ಒಟ್ಟಿಗೆ ಹೊರಳಿಸಿ ಹಲಗೆಗೆ ತೆಗೆದುಕೊಳ್ಳಿ. ನಿಮ್ಮ ಗಂಡ ಕೆಲಸ ಮಾಡುವ ಎಲ್ಲ ಮನೆಗಳಿಗೂ ಇದು ಗೊತ್ತಿರಬೇಕು. ಒಬ್ಬರೇ ಇರುವ ತೋಟದಲ್ಲಿ ಅವರು ಮರ ಹತ್ತಲೇಬಾರದು, ಕೆಳಗೆ ಒಬ್ಬರಾದರೂ ನಿಂತಿರಬೇಕು.

ಹಾಸಿಗೆ ಹಿಡಿದ ಆ ಜೊತೆಗಾರರ ಬಗ್ಗೆಯೂ ಒಂದು ಮಾತು. ಬೆನ್ನುಹುರಿಗೆ ಏಟಾದವರು ಮಲಗಿಯೇ ಇರಬೇಕು ಅಂತ ಇಲ್ಲ. ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಸೇವಾಧಾಮ ಅಂತ ಪುನಶ್ಚೇತನ ಕೇಂದ್ರ ಉಂಟು. ಗಾಲಿಕುರ್ಚಿಗೆ ತಾವಾಗಿ ಹತ್ತಿ ಇಳಿಯುವುದು, ಹಾಸಿಗೆ ಹುಣ್ಣು ಆಗದ ಹಾಗೆ ನೋಡಿಕೊಳ್ಳುವುದು, ಇಂಥದ್ದೆಲ್ಲ ಕಲಿತರೆ ಬದುಕು ತುಂಬಾ ಬದಲಾಗುತ್ತದೆ. ದಯವಿಟ್ಟು ಅವರ ಮನೆಯವರಿಗೆ ತಿಳಿಸಿ.

– ಮಣಿಪಾಲದ ಓದುಗರು

ನಮ್ಮದು ಸಣ್ಣ ತೋಟ. ನಾನು ಬರೆಯುತ್ತಿರುವುದು ಫೋನ್ ಮಾಡುವವರ ಕಡೆಯಿಂದ. ಕರೆಯುವ ನಮಗೂ ಜವಾಬ್ದಾರಿ ಇಲ್ವಾ? ಹನಿ ಬಿದ್ದ ದಿನ ಕರೆಯಬಾರದು. ಕೂಲಿ ಕೊಟ್ಟರೆ ಮುಗಿಯಿತು ಅಂತಲೂ ಅಲ್ಲ. ನಮ್ಮ ಬೈಲಿನ ಏಳೆಂಟು ಮನೆಯವರು ಸೇರಿ, ನಮಗೆ ಕಾಯಿ ಕೊಯ್ಯುವವರ ವಿಮೆಯ ಕಂತನ್ನು ನಾವೇ ಕಟ್ಟುತ್ತೇವೆ. ಹಂಚಿಕೊಂಡರೆ ಒಬ್ಬೊಬ್ಬರಿಗೆ ಬರುವುದು ಒಂದು ಚಾ ತಿಂಡಿಯ ದುಡ್ಡು. ನಿಮ್ಮಲ್ಲೂ ಕೇಳಿ ನೋಡಿ, ಕೇಳಲು ನಾಚಿಕೆ ಬೇಡ.

– ಮೂಡುಬಿದಿರೆಯ ಓದುಗರು

ಆಂಟಿ, ನನ್ನ ಅಪ್ಪ ಮೂರ್ತೆ ಕೆಲಸದವರು, ಅಂದರೆ ಮರದಿಂದ ಶೇಂದಿ ಇಳಿಸುವವರು. ದಿನಕ್ಕೆ ಎರಡು ಹೊತ್ತು ಮರ ಹತ್ತಿ ನನ್ನನ್ನು ಓದಿಸಿದರು. ನಿಮ್ಮ ಮಗಳಿಗೆ ಒಂದು ಕೆಲಸ ಕೊಡಿ, ವಿಮೆಯ ಕಾಗದ ಅವಳೇ ನೋಡಿಕೊಳ್ಳಲಿ.

ತೆಂಗಿನ ಮರ ಹತ್ತುವವರಿಗೆ ಅಂತಲೇ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಅಪಘಾತ ವಿಮೆ ಇದೆ. ಕಂತಿನ ಹೆಚ್ಚಿನ ಪಾಲು ಮಂಡಳಿಯೇ ಕಟ್ಟುತ್ತದೆ. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬಹುದು. ಅದರ ಜೊತೆಗೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆದರೆ 2 ಲಕ್ಷ. 70 ವರ್ಷದವರೆಗೂ ಆಗುತ್ತದೆ. ಇದರ ವರ್ಷ ಸುರುವಾಗುವುದು ಜೂನ್ 1ಕ್ಕೆ, ಮಳೆಯ ಹೊತ್ತಿಗೇ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡು ಇಲ್ಲದಿದ್ದರೆ ಕಂತು ಕಟ್ ಆಗುವುದಿಲ್ಲ, ವಿಮೆಯೂ ಇರುವುದಿಲ್ಲ. ತುಂಬಾ ಜನರಿಗೆ ಇದು ಗೊತ್ತಾಗುವುದು ಬಿದ್ದ ಮೇಲೆ. ಪಾಸ್‌ಬುಕ್ ಎಂಟ್ರಿ ಮಾಡಿಸಿ, ಆ 20 ರೂಪಾಯಿಯ ಸಾಲು ಬಂದಿದೆಯಾ ಅಂತ ಅವಳು ಕಣ್ಣಾರೆ ನೋಡಲಿ. ನಾಮಿನಿ ಜಾಗದಲ್ಲಿ ಇನ್ನೂ ಅಜ್ಜಿಯ ಹೆಸರೇ ಇದ್ದರೆ ಬದಲಾಯಿಸಿ ನಿಮ್ಮ ಹೆಸರು ಹಾಕಿಸಲಿ.

ಬ್ಯಾಂಕಿಗೆ ಹೋಗುವಾಗ ಅಂಕಲ್‌ರನ್ನೂ ಕರೆದುಕೊಂಡು ಹೋಗಿ. ಫಾರ್ಮಿಗೆ ಅವರ ಸಹಿ ಬೇಕು.

– ಕಾಪುವಿನ ಓದುಗರು