ಹೊಸ ಪಿಸಿ: ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ತಂಗಿಗೆ ಅಂತ ಮೊದಲ ಸಲ ನಾನೇ ಪಿಸಿ ಜೋಡಿಸಿದ್ದೇನೆ. ಶನಿವಾರ ಎಸ್.ಪಿ. ರೋಡ್‌ನಲ್ಲಿ ಸಾಮಾನೆಲ್ಲ ತಗೊಂಡು, ಚಿಕ್ಕಪೇಟೆಯಲ್ಲಿ ಮೆಟ್ರೊ ಹತ್ತಿ ಬನಶಂಕರಿಗೆ ಬಂದೆ. ರಾತ್ರಿ ಹನ್ನೊಂದಕ್ಕೆ ಜೋಡಣೆ ಮುಗಿಯಿತು. ಆದರೆ ಆನ್ ಆಗುತ್ತಿಲ್ಲ.

ರೈಜನ್ 5 5600 ಸಿಪಿಯು, ಬಿ550 ಮೈಕ್ರೊ ಎಟಿಎಕ್ಸ್ (ಚಿಕ್ಕ ಅಳತೆಯ) ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3200 ರ‍್ಯಾಮ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಪವರ್ ಸಪ್ಲೈ. ಕ್ಯಾಬಿನೆಟ್ ದೊಡ್ಡದು, ಎಟಿಎಕ್ಸ್.

ಬಟನ್ ಒತ್ತಿದರೆ ಸಿಪಿಯು ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಆಮೇಲೆ ಎಷ್ಟು ಒತ್ತಿದರೂ ಏನೂ ಇಲ್ಲ. ಪವರ್ ಸಪ್ಲೈ ಹಿಂದಿನ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಮತ್ತೆ ಅದೇ ಅರ್ಧ ಸುತ್ತು. ಬೋರ್ಡಿನ 24 ಪಿನ್, ಸಿಪಿಯುವಿನ 8 ಪಿನ್ ಪವರ್ ಕೇಬಲ್ ಎರಡೂ ಸರಿಯಾಗಿ ಕೂತಿವೆ. ಪವರ್ ಸಪ್ಲೈ ಹೋಗಿದೆಯಾ, ಬೋರ್ಡ್ ಹೋಗಿದೆಯಾ? ತಂಗಿಗೆ ಕಾಲೇಜಿನ ಪ್ರಾಜೆಕ್ಟ್ ಇದೆ. ದಯವಿಟ್ಟು ಹೇಳಿ.

ಮೊದಲ ಉತ್ತರ:
ಬಯಾಸ್ (ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಹಳೆಯದಿರಬಹುದು. ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿ.

ಎರಡನೇ ಉತ್ತರ:
ಬಯಾಸ್ ಅಲ್ಲ ಅನಿಸುತ್ತದೆ. ಬಯಾಸ್ ಹೊಂದದಿದ್ದರೆ ಸಾಮಾನ್ಯವಾಗಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಸ್ಕ್ರೀನ್ ಮಾತ್ರ ಬರುವುದಿಲ್ಲ. ನಿಮ್ಮದರಲ್ಲಿ ಕರೆಂಟೇ ಕಟ್ ಆಗುತ್ತಿದೆ.

ನೀವು ಬರೆದಿದ್ದರಲ್ಲಿ ಒಂದು ಮಾತು ತುಂಬಾ ಮುಖ್ಯ. ಹಿಂದಿನ ಸ್ವಿಚ್ ಆಫ್ ಮಾಡಿ ಆನ್ ಮಾಡಿದ ಮೇಲೆಯೇ ಮತ್ತೆ ಮಿಸುಕುತ್ತದೆ ಅಂದಿರಲ್ಲ, ಅದು. ಎಲ್ಲೋ ಶಾರ್ಟ್ ಆದರೆ ಪವರ್ ಸಪ್ಲೈ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಒಳಗಿನ ಕರೆಂಟ್ ಪೂರ್ತಿ ಇಳಿಯುವವರೆಗೂ ಬಟನ್ ಮಾತು ಕೇಳುವುದಿಲ್ಲ. ಅಂದರೆ ಅದು ಸತ್ತಿಲ್ಲ. ಬಹುಶಃ ಉಳಿದ ಸಾಮಾನನ್ನು ಕಾಪಾಡುತ್ತಿದೆ. ಇನ್ನು ಸುಮ್ನೆ ಬಟನ್ ಒತ್ತುತ್ತಾ ಇರಬೇಡಿ.

ಈಗ ಪ್ಲಗ್ ಕಿತ್ತು, ಬೋರ್ಡನ್ನು ಕ್ಯಾಬಿನೆಟ್‌ನಿಂದ ಪೂರ್ತಿ ಹೊರಗೆ ತೆಗೆಯಿರಿ. ಕಷ್ಟಪಟ್ಟು ಜೋಡಿಸಿದ್ದನ್ನು ಬಿಚ್ಚಲು ಬೇಜಾರಾಗುತ್ತದೆ, ಗೊತ್ತು. ಆದರೂ ಬಿಚ್ಚಿ. ಬೋರ್ಡ್ ಬಂದ ರಟ್ಟಿನ ಡಬ್ಬದ ಮೇಲೇ ಅದನ್ನು ಇಡಿ. ಬೂದು ಬಣ್ಣದ ಆಂಟಿಸ್ಟ್ಯಾಟಿಕ್ ಕವರ್ ಮೇಲೆ ಮಾತ್ರ ಬೇಡ, ಅದರ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಸಿಪಿಯು, ಕೂಲರ್, ಗ್ರಾಫಿಕ್ಸ್ ಕಾರ್ಡ್ ಇರಲಿ. ರ‍್ಯಾಮ್ ಒಂದೇ ಸಾಕು. ನಾಲ್ಕು ಸ್ಲಾಟ್ ಇದ್ದರೆ ಸಿಪಿಯು ಕಡೆಯಿಂದ ಎರಡನೆಯದರಲ್ಲಿ ಹಾಕಿ. 24 ಪಿನ್, ಸಿಪಿಯುವಿನ 8 ಪಿನ್, ಕಾರ್ಡಿನ 8 ಪಿನ್ ಕೊಡಿ. ಬೇರೇನೂ ಬೇಡ, ಎಸ್‌ಎಸ್‌ಡಿಯೂ ಬೇಡ. ಪವರ್ ಸ್ವಿಚ್ ಎಂದು ಗುರುತಿರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಯಾವ ಪಿನ್ ಅಂತ ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತದೆ, ಅದನ್ನು ನೋಡಿಯೇ ಮಾಡಿ.

ಹೊರಗೆ ಓಡಿದರೆ ದೋಷ ಕ್ಯಾಬಿನೆಟ್ ಕಡೆಯದು. ಓಡದಿದ್ದರೆ ಒಂದೊಂದೇ ಸಾಮಾನು ತೆಗೆದು ನೋಡೋಣ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದೇ ಇಲ್ಲ.

ಇನ್ನೊಂದು ಪ್ರಶ್ನೆ. ಬೋರ್ಡ್ ಕೆಳಗೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್, ಅಂದರೆ ಬೋರ್ಡನ್ನು ಕ್ಯಾಬಿನೆಟ್ ತಗಡಿನಿಂದ ಎತ್ತಿ ಹಿಡಿಯುವ ಸಣ್ಣ ಕಂಬಗಳನ್ನು, ಎಷ್ಟು ಹಾಕಿದ್ದೀರಿ?

ಪ್ರಶ್ನೆ ಕೇಳಿದವರು:
ಸರ್, ಡಬ್ಬದ ಮೇಲೆ ಇಟ್ಟು ಮುಟ್ಟಿಸಿದೆ. ಫ್ಯಾನ್ ತಿರುಗುತ್ತಾ ಇದೆ, ನಿಲ್ಲಲಿಲ್ಲ! ತಂಗಿ, ಅಮ್ಮ ಎಲ್ಲ ಬಂದು ನೋಡಿದರು.

ಸ್ಟ್ಯಾಂಡ್‌ಆಫ್ ಪ್ಯಾಕೆಟ್‌ನಲ್ಲಿ ಇದ್ದಷ್ಟನ್ನೂ ಹಾಕಿದ್ದೆ. ಜಾಸ್ತಿ ಇದ್ದರೆ ಬೋರ್ಡಿಗೆ ಆಸರೆ ಚೆನ್ನಾಗಿರುತ್ತದೆ ಅಂದುಕೊಂಡೆ. ಈಗ ಎಣಿಸಿದರೆ ಬೋರ್ಡಿನಲ್ಲಿ ಎಂಟು ತೂತು, ಟ್ರೇಯಲ್ಲಿ ಹತ್ತು ಸ್ಟ್ಯಾಂಡ್‌ಆಫ್. ಒಂದು ಬೋರ್ಡಿನ ಆಚೆಗಿದೆ. ಇನ್ನೊಂದು ನೇರ ಬೋರ್ಡಿನ ಅಡಿಗೇ ಬರುತ್ತದೆ. ಬೋರ್ಡ್ ತಿರುಗಿಸಿ ನೋಡಿದೆ, ಅದೇ ಜಾಗದಲ್ಲಿ ಸೋಲ್ಡರ್ ಮೊನೆಗಳ ಮೇಲೆ ಸಣ್ಣ ಗೀರು.

ಆದರೆ ಸ್ಕ್ರೀನ್ ಬರುತ್ತಿಲ್ಲ. ಎಚ್‌ಡಿಎಂಐ ಬೋರ್ಡಿಗೆ ಹಾಕಿದ್ದೇನೆ.

ಎರಡನೇ ಉತ್ತರ:
ಸಿಕ್ಕಿತು ನೋಡಿ. ಬೋರ್ಡ್ ಹಿಂದೆ ಸಾವಿರಾರು ಮೊನೆಗಳಿರುತ್ತವೆ. ಕೆಲವದರಲ್ಲಿ 12 ವೋಲ್ಟ್ ಇರುತ್ತದೆ. ಸ್ಟ್ಯಾಂಡ್‌ಆಫ್ ಲೋಹದ್ದು, ಕ್ಯಾಬಿನೆಟ್ ಮೂಲಕ ನೆಲಕ್ಕೆ ಅಂದರೆ ಗ್ರೌಂಡ್‌ಗೆ ಸೇರಿರುತ್ತದೆ. ಎರಡೂ ಮುಟ್ಟಿದರೆ ಶಾರ್ಟ್ ಆಗಲೇಬೇಕಲ್ವಾ? ಸ್ಕ್ರೂ ತೂತಿನ ಸುತ್ತ ಮುಟ್ಟಿದರೆ ತೊಂದರೆಯಿಲ್ಲ, ಅಲ್ಲಿನ ಬಳೆಯಂಥ ಜಾಗ ಅದಕ್ಕೇ ಮಾಡಿದ್ದು. ತೂತು ಇಲ್ಲದ ಕಡೆ ಸ್ಟ್ಯಾಂಡ್‌ಆಫ್ ಇರಲೇಬಾರದು. ಆ ಎರಡನ್ನೂ ತೆಗೆದುಬಿಡಿ.

ಸ್ಕ್ರೀನ್ ವಿಷಯ ಸುಲಭ. ರೈಜನ್ 5 5600ರ ಒಳಗೆ ಗ್ರಾಫಿಕ್ಸ್ ಇಲ್ಲ. ಇರುವುದು 5600ಜಿಯಲ್ಲಿ. ಕೇಬಲನ್ನು ಕಾರ್ಡಿನ ಹಿಂದಕ್ಕೆ ಹಾಕಿ.

ಪ್ರಶ್ನೆ ಕೇಳಿದವರು:
ಬಂತು ಸರ್! ಬಯಾಸ್ ಕಾಣಿಸುತ್ತಿದೆ. ಎರಡು ಸ್ಟ್ಯಾಂಡ್‌ಆಫ್ ತೆಗೆದು ಬೋರ್ಡನ್ನು ಮತ್ತೆ ಕ್ಯಾಬಿನೆಟ್‌ಗೆ ಕೂರಿಸಿದೆ, ಅಲ್ಲೂ ಓಡುತ್ತಿದೆ. ಎರಡನೇ ರ‍್ಯಾಮ್ ಹಾಕಿದ ಮೇಲೆ 16 ಜಿಬಿ ತೋರಿಸುತ್ತಿದೆ. ಆದರೆ ವೇಗ 2133 ಅಂತಿದೆ. ಡಬ್ಬದ ಮೇಲೆ 3200 ಇದೆಯಲ್ಲ? ಆ ಗೀರಿನಿಂದ ಏನಾದರೂ ಆಗುತ್ತದಾ?

ಎರಡನೇ ಉತ್ತರ:
ವೇಗದಲ್ಲಿ ದೋಷವಿಲ್ಲ. ರ‍್ಯಾಮ್ ಮೊದಲು ತನ್ನ ಮೂಲ ವೇಗದಲ್ಲೇ ಏಳುತ್ತದೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಡಬ್ಬದ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿ ಸೇವ್ ಮಾಡಿದರೆ 3200 ಬರುತ್ತದೆ. ಎರಡು ರ‍್ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಇರಲಿ.

ಗೀರು ಬರೀ ಸೋಲ್ಡರ್ ಮೇಲಿದ್ದು, ತಾಮ್ರದ ಗೆರೆ ಕಡಿದಿಲ್ಲ ಅಂದರೆ ಚಿಂತೆ ಬೇಡ. ಗೀರಿನ ಹತ್ತಿರದ ಒಂದು ಫೋಟೊ ಹಾಕಿ, ನಾನೂ ನೋಡುತ್ತೇನೆ. ಆಮೇಲೆ ವಿಂಡೋಸ್ ಹಾಕಿಕೊಳ್ಳಿ, ತಂಗಿಯ ಕೆಲಸ ಶುರುವಾಗಲಿ.