ಒಂಟಿ ನ್ಯೂಟ್ರಾನಿನ ಆಯಸ್ಸು 878 ಸೆಕೆಂಡಾ, 888 ಸೆಕೆಂಡಾ?

ಪ್ರಶ್ನೆ: ಪಿಯು ಹುಡುಗರಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಪರಮಾಣುವಿನ ಬೀಜದಿಂದ ಹೊರಗಿರುವ ಒಂಟಿ ನ್ಯೂಟ್ರಾನ್ ಸರಾಸರಿ ಎಷ್ಟು ಸೆಕೆಂಡಿಗೆ ಒಡೆದು ಪ್ರೋಟಾನ್ ಆಗುತ್ತೆ ಅನ್ನೋದಕ್ಕೆ ಒಂದು ಪುಸ್ತಕ 878 ಅನ್ನುತ್ತೆ, ಇನ್ನೊಂದು 888. ಬೋರ್ಡ್ ಮೇಲೆ ಯಾವುದನ್ನು ಬರೆಯಲಿ?

ಉತ್ತರ 1: ಸರ್, ಎರಡೂ ಅಳೆದು ಬಂದ ಲೆಕ್ಕಗಳೇ. ತಣ್ಣಗಿನ ನ್ಯೂಟ್ರಾನುಗಳನ್ನು ಕೂಡಿಹಾಕಿ, ಕೊನೆಗೆ ಎಷ್ಟು ಉಳಿದವು ಅಂತ ಎಣಿಸಿದರೆ ಸುಮಾರು 878. ಅಮೆರಿಕದ ಲ್ಯಾಬ್ ಲಾಸ್ ಅಲಮೋಸ್‌ನಲ್ಲಿ 2021ರಲ್ಲಿ 877.75 ಬಂತು. ನ್ಯೂಟ್ರಾನ್ ಕಿರಣ ಹಾಯಿಸಿ, ಅದರಿಂದ ಹುಟ್ಟುವ ಪ್ರೋಟಾನುಗಳನ್ನು ಎಣಿಸಿದರೆ ಸುಮಾರು 888. ಜಗಳ ಇನ್ನೂ ಮುಗಿದಿಲ್ಲ.

ಉತ್ತರ 2: ನೂರಕ್ಕೊಂದು ನ್ಯೂಟ್ರಾನ್ ಪ್ರೋಟಾನ್ ಆಗದೆ ಡಾರ್ಕ್ ಮ್ಯಾಟರ್ (ಬೆಳಕಿಗೆ ಕಾಣದ ವಸ್ತು) ಆಗಿ ಮಾಯವಾಗುತ್ತೆ, ಅದಕ್ಕೇ ಈ ವ್ಯತ್ಯಾಸ ಅಂತ 2018ರಲ್ಲಿ ಒಂದು ವಾದ ಬಂತು, ಅಲ್ವಾ?

ಉತ್ತರ 1: ಬಂತು. ನನಗಂತೂ ನಂಬಿಕೆ ಕಮ್ಮಿ. ನ್ಯೂಟ್ರಾನ್ ಹಾಗೆ ಮಾಯವಾಗೋದಾದರೆ, ಬಹುಪಾಲು ನ್ಯೂಟ್ರಾನುಗಳಿಂದಲೇ ಆದ, ಸೂರ್ಯನ ಎರಡರಷ್ಟು ತೂಕದ ನ್ಯೂಟ್ರಾನ್ ನಕ್ಷತ್ರಗಳು ಕುಸಿಯದೆ ನಿಲ್ಲೋದು ಕಷ್ಟ. ಕಿರಣದ ಪ್ರಯೋಗದಲ್ಲಿ ಒಂದಷ್ಟು ಪ್ರೋಟಾನ್ ಎಣಿಕೆಗೆ ಸಿಗದೆ ಜಾರಿ, ಅದಕ್ಕೇ ಆಯಸ್ಸು ಹೆಚ್ಚು ಬಂದಿರಬೇಕು. ಬೋರ್ಡ್ ಮೇಲೆ ಸುಮ್ನೆ ‘ಸುಮಾರು 15 ನಿಮಿಷ’ ಅಂತ ಬರೆಯಿರಿ ಸರ್.