ಪ್ರಾಯೋಗಿಕ ಪರೀಕ್ಷೆಗೆ ಮೂರು ವಾರ ಇದೆ, ಯಾರಾದರೂ ನೋಡುತ್ತಿದ್ದರೆ ಕೈ ನಡುಗುತ್ತದೆ

ಎರಡು_ಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಜೇನು ಸಾಕಣೆಯ ಪ್ರಾಯೋಗಿಕ ಪರೀಕ್ಷೆಗೆ ಹೆಸರು ಕೊಟ್ಟಿದ್ದೇನೆ. ಎರಡು ಪೆಟ್ಟಿಗೆ ಮೆಲ್ಲಿಫೆರ ಜಾತಿಯ ಜೇನು ಇಟ್ಟು ಒಂದೂವರೆ ವರ್ಷ ಆಯಿತು. ಓದಿದ್ದು ತಲೆಯಲ್ಲಿದೆ. ಮೊಟ್ಟೆಯಿಂದ ಪೂರ್ತಿ ಬೆಳೆದು ಹೊರಬರಲು ರಾಣಿಗೆ 16 ದಿನ, ಕೆಲಸಗಾರ ನೊಣಕ್ಕೆ 21, ಗಂಡು ನೊಣಕ್ಕೆ 24, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಪಕ್ಕದಲ್ಲಿ ಒಬ್ಬರು ನಿಂತರೆ ಸಾಕು, ಕೈ ಮಾತು ಕೇಳುವುದಿಲ್ಲ. ಹೋದ ವಾರ ಸ್ನೇಹಿತರೊಬ್ಬರನ್ನು ಪರೀಕ್ಷಕರ ಹಾಗೆ ನಿಲ್ಲಿಸಿಕೊಂಡು ಪೆಟ್ಟಿಗೆ ತೆರೆದೆ. ಅರ್ಧಕ್ಕೇ ಹೊಗೆ ಆರಿತು. ಗಾಬರಿಯಲ್ಲಿ ನಡುವಿನ ಫ್ರೇಮನ್ನೇ (ಎರಿ ಕಟ್ಟುವ ಚೌಕಟ್ಟು) ಮೊದಲು ಎಳೆದುಬಿಟ್ಟೆ, ಅದು ಪಕ್ಕದ ಎರಿಗೆ, ಅಂದರೆ ಮೇಣದ ಕೋಶಗಳ ಹಲ್ಲೆಗೆ, ಉಜ್ಜಿ ನಾಲ್ಕೈದು ನೊಣ ಸತ್ತವು, ಉಳಿದವು ಗ್ಲೌಸಿಗೆ ಮುತ್ತಿದವು. ತುಂಬಾ ಬೇಜಾರಾಯಿತು. ರಾಣಿಯೂ ಕಾಣಲಿಲ್ಲ. ರಾಣಿ ಸಿಗದಿದ್ದರೆ ಫೇಲ್ ಮಾಡುತ್ತಾರಾ? ಈ ಮೂರು ವಾರ ಏನನ್ನು ಅಭ್ಯಾಸ ಮಾಡಲಿ?

ಹೊಗೆತಿದಿ:
ಮೊದಲು ಹೊಗೆ ಸರಿ ಮಾಡಿಕೊಳ್ಳಿ, ಅರ್ಧ ಭಯ ಅಲ್ಲೇ ಹೋಗುತ್ತದೆ. ಸ್ಮೋಕರ್ (ಹೊಗೆ ಹಾಕುವ ಡಬ್ಬಿ) ಆರುವುದು ಹೆಚ್ಚಾಗಿ ಬೆಂಕಿ ಮೇಲಷ್ಟೇ ಇದ್ದು ತಳಕ್ಕೆ ಇಳಿಯದೆ ಇದ್ದಾಗ. ಗೋಣಿಚೀಲದ ಒಣ ತುಂಡು ಹೊತ್ತಿಸಿ ತಳಕ್ಕೆ ತಳ್ಳಿ, ತಿದಿ ಒತ್ತುತ್ತಲೇ ಇರಿ, ಉರಿ ಚೆನ್ನಾಗಿ ಎದ್ದ ಮೇಲೆ ಇನ್ನಷ್ಟು ತುಂಬಿ, ಕೊನೆಗೆ ಮೇಲೆ ಒಂದು ಹಿಡಿ ಹಸಿ ಹುಲ್ಲು. ಹೊಗೆಯನ್ನು ಅಂಗೈ ಮೇಲೆ ಬಿಟ್ಟು ನೋಡಿ, ತಣ್ಣಗಿರಬೇಕು. ಕೆಳಗಿಡುವಾಗ ನೆಟ್ಟಗೆ ನಿಲ್ಲಿಸಿ, ಮಲಗಿಸಬೇಡಿ. ಪೆಟ್ಟಿಗೆ ತೆರೆಯದೆಯೇ ದಿನಾ ಒಂದು ಸಲ ಹೊತ್ತಿಸಿ, ಅರ್ಧ ಗಂಟೆ ಆರದೆ ಉಳಿಯುವವರೆಗೆ.

ಬಾಗಿಲಿಗೆ ಎರಡು ಮೂರು ಸಲ ಹೊಗೆ ಕೊಟ್ಟು ಒಂದೆರಡು ನಿಮಿಷ ಸುಮ್ನೆ ಪಕ್ಕಕ್ಕೆ ನಿಲ್ಲಿ. ಇಲ್ಲೇ ಎಲ್ಲರೂ ಆತುರ ಪಡುತ್ತಾರೆ. ಆಮೇಲೆ ಗೋಡೆ ಪಕ್ಕದ ಫ್ರೇಮ್ ಮೊದಲು ತೆಗೆದು ಹೊರಗಿಡಿ. ಆ ಜಾಗ ಸಿಕ್ಕಿದರೆ ಉಳಿದವನ್ನು ಅತ್ತ ಸರಿಸಿ ನೇರಕ್ಕೆ ಎತ್ತಬಹುದು, ನೊಣ ಉಜ್ಜುವುದಿಲ್ಲ. ಎತ್ತಿದ ಫ್ರೇಮ್ ಯಾವಾಗಲೂ ಪೆಟ್ಟಿಗೆಯ ಮೇಲೇ ಇರಲಿ, ರಾಣಿ ಜಾರಿದರೂ ಒಳಗೇ ಬೀಳುತ್ತಾಳೆ.

ಇನ್ನೊಂದು ಬದಿ ನೋಡಲು ಫ್ರೇಮನ್ನು ತಟ್ಟೆಯ ಹಾಗೆ ಮಗುಚಬೇಡಿ. ಮೇಲಿನ ಪಟ್ಟಿಯ ಒಂದು ತುದಿ ಎತ್ತಿ ಪಟ್ಟಿಯನ್ನು ನೆಟ್ಟಗೆ ಮಾಡಿ, ಬಾಗಿಲು ತೆರೆಯುವ ಹಾಗೆ ತಿರುಗಿಸಿ, ಮತ್ತೆ ಅಡ್ಡಕ್ಕೆ ಇಳಿಸಿ. ಪಟ್ಟಿ ಈಗ ಕೆಳಗೆ ಬಂದಿರುತ್ತದೆ. ಎರಿ ಒಂದು ಕ್ಷಣವೂ ಮಲಗಲಿಲ್ಲ ನೋಡಿ. ಹೊಸ ಬಿಳಿ ಎರಿ ಬಿಸಿಲಲ್ಲಿ ಮಲಗಿದರೆ ಮುರಿಯುತ್ತದೆ, ಹಸಿ ಮಕರಂದವೂ ಸುರಿಯುತ್ತದೆ. ಖಾಲಿ ಫ್ರೇಮ್ ಹಿಡಿದು ಮನೆಯಲ್ಲಿ ನೂರು ಸಲ ಮಾಡಿ. ಮತ್ತೆ ಆ ದಪ್ಪ ಚರ್ಮದ ಗ್ಲೌಸ್ ಬಿಡಿ, ತೆಳುವಾದದ್ದು ಹಾಕಿ. ಬೆರಳಿಗೆ ನೊಣ ತಾಗಿದ್ದು ಗೊತ್ತಾಗಬೇಕು.

ಮೇಣದ_ಹಾಳೆ:
ರಾಣಿ ಬಗ್ಗೆ ಹೇಳುತ್ತೇನೆ. ನನ್ನ ಪರೀಕ್ಷೆಯ ದಿನ ನನಗೂ ಸಿಗಲಿಲ್ಲ, ಆದರೂ ಪಾಸಾದೆ. ರಾಣಿಯನ್ನು ಹುಡುಕಿ ತೋರಿಸಿ ಅಂತ ನಿಮ್ಮ ಪರೀಕ್ಷೆಯ ಪಟ್ಟಿಯಲ್ಲೇ ಬರೆದಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಮೊಟ್ಟೆ ತೋರಿಸಿ. ಸೂರ್ಯನಿಗೆ ಬೆನ್ನು ಕೊಟ್ಟು, ಬಿಸಿಲು ಹೆಗಲ ಮೇಲಿಂದ ಹಾದು ಕೋಶದ ತಳಕ್ಕೆ ಬೀಳುವ ಹಾಗೆ ಫ್ರೇಮ್ ಹಿಡಿಯಿರಿ. ಮೊದಲ ದಿನದ ಮೊಟ್ಟೆ ಸಣ್ಣ ದಾರದ ತುಂಡನ್ನು ನೆಟ್ಟ ಹಾಗೆ ನಿಂತಿರುತ್ತದೆ, ಮೂರನೇ ದಿನಕ್ಕೆ ಮಲಗಿರುತ್ತದೆ. ನಿಂತ ಮೊಟ್ಟೆ ಕಂಡರೆ ನಿನ್ನೆಯೋ ಇವತ್ತೋ ರಾಣಿ ಇಲ್ಲಿ ಓಡಾಡಿದ್ದಾಳೆ ಅಂತ ಧೈರ್ಯವಾಗಿ ಹೇಳಿ. ಒಂದೇ ಕೋಶದಲ್ಲಿ ಹಲವು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡಿದ್ದರೆ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿರಬಹುದು, ಅದನ್ನೂ ಹೇಳಿ.

ಹೇಳಿ ಅಂತ ಯಾಕೆ ಒತ್ತಿ ಬರೆಯುತ್ತಿದ್ದೇನೆ ಅಂದರೆ, ನೀವು ಮನಸ್ಸಿನಲ್ಲಿ ಏನು ನೋಡಿದಿರಿ ಅಂತ ಪರೀಕ್ಷಕರಿಗೆ ಗೊತ್ತಾಗುವುದಿಲ್ಲ ಅಲ್ವಾ? ಈ ಕೋಶದ ಮುಚ್ಚಳ ಚಪ್ಪಟೆ, ಕೆಲಸಗಾರ ಮರಿ. ಇದು ಉಬ್ಬಿದೆ, ಗಂಡು ಮರಿ. ಕೆಳ ಅಂಚಿನಲ್ಲಿ ರಾಣಿ ಕೋಶ ಇದೆ, ಪಾಲಾಗುವ (ರಾಣಿಯ ಜೊತೆ ಅರ್ಧ ಗುಂಪು ಹಾರಿಹೋಗುವ) ತಯಾರಿ ಇರಬಹುದು. ಹೀಗೆ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋದರೆ ಕೈಯೂ ತಾನಾಗಿ ನಿಧಾನವಾಗುತ್ತದೆ. ನನ್ನ ನಡುಕ ನಿಂತಿದ್ದು ಇದರಿಂದಲೇ.

ಎರಿ_ಮನೆ:
ಗ್ಲೌಸ್ ವಿಷಯ ನಾನು ಒಪ್ಪುವುದಿಲ್ಲ. ಮೂರು ವಾರ ಇರುವಾಗ, ಭಯ ಇರುವವರು ಅದನ್ನು ಬದಲಿಸುವುದು ಬೇಡ. ತೊಳೆದರೆ ಸಾಕು. ಹಳೇ ಕುಟುಕಿನ ವಾಸನೆ ಉಳಿದಿದ್ದರೆ ನೊಣ ಮತ್ತೆ ಅಲ್ಲಿಗೇ ಬರುತ್ತವೆ. ಕುಟುಕಿದರೆ ಮುಳ್ಳನ್ನು ತಕ್ಷಣ ಕೆರೆದು ತೆಗೆದು ಆ ಜಾಗಕ್ಕೆ ಸ್ವಲ್ಪ ಹೊಗೆ ಕೊಡಿ.

ರೋಗದ ಪ್ರಶ್ನೆ ಬಂದೇ ಬರುತ್ತದೆ ಅಂದುಕೊಳ್ಳಿ. ಅದಕ್ಕೆ ಆರೋಗ್ಯದ ಮರಿಯನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ: ಮುತ್ತಿನ ಬಿಳುಪು, ಕೋಶದ ತಳದಲ್ಲಿ ಸುರುಳಿಯಾಗಿ ಮಲಗಿರುತ್ತದೆ. ಮುಚ್ಚಳ ಗುಳಿಬಿದ್ದು ಜಿಡ್ಡಾಗಿ ತೂತಾಗಿದ್ದರೆ ಬೆಂಕಿಕಡ್ಡಿ ಚುಚ್ಚಿ ನಿಧಾನವಾಗಿ ಎಳೆಯಿರಿ. ಕಂದು ಅಂಟು ನೂಲಿನ ಹಾಗೆ ಎಳೆದು ಬಂದರೆ ಅಮೆರಿಕನ್ ಫೌಲ್‌ಬ್ರೂಡ್ ಅನ್ನುವ ಮರಿಗಳ ರೋಗದ ಅನುಮಾನ. ವರೋವಾ (ನೊಣಕ್ಕೆ ಅಂಟುವ ಪರಾವಲಂಬಿ ನುಸಿ) ಎಣಿಸಲು ಅರ್ಧ ಕಪ್, ಅಂದರೆ ಸುಮಾರು 300 ನೊಣ ಬೇಕು. ತೆಗೆಯುವ ಮೊದಲು ಆ ಫ್ರೇಮಿನಲ್ಲಿ ರಾಣಿ ಇಲ್ಲ ಅಂತ ಎರಡು ಸಲ ನೋಡಿ.

ರಾಣಿಗೆ ಬಣ್ಣ ಹಚ್ಚುವುದಿದ್ದರೆ ಗಂಡು ನೊಣ ಹಿಡಿದು ಕಲಿಯಿರಿ, ಅವಕ್ಕೆ ಮುಳ್ಳಿಲ್ಲ. ರಾಣಿ ಹುಟ್ಟಿದ ವರ್ಷದ ಕೊನೆ ಅಂಕಿ 1 ಅಥವಾ 6 ಆದರೆ ಬಿಳಿ, 2 ಅಥವಾ 7 ಹಳದಿ, 3 ಅಥವಾ 8 ಕೆಂಪು, 4 ಅಥವಾ 9 ಹಸಿರು, 5 ಅಥವಾ 0 ನೀಲಿ.

ಎರಡು_ಪೆಟ್ಟಿಗೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಗ್ಲೌಸ್ ತೊಳೆದು, ಗೋಡೆ ಪಕ್ಕದ ಫ್ರೇಮಿನಿಂದಲೇ ಶುರು ಮಾಡಿದೆ, ಕಂಡದ್ದನ್ನೆಲ್ಲ ಜೋರಾಗಿ ಹೇಳುತ್ತಾ ಹೋದೆ. ನಾಲ್ಕನೇ ಫ್ರೇಮಿನಲ್ಲಿ ಮೊಟ್ಟೆ ನಿಂತಿದ್ದವು! ಇಷ್ಟು ದಿನ ಬಿಸಿಲಿಗೆ ಮುಖ ಮಾಡಿ ನಿಲ್ಲುತ್ತಿದ್ದೆ, ಅದಕ್ಕೇ ಕಾಣುತ್ತಿರಲಿಲ್ಲ. ಹೊಗೆ ಇಪ್ಪತ್ತು ನಿಮಿಷ ಉಳಿಯಿತು. ನಾಳೆ ಗೋಣಿಯನ್ನು ಇನ್ನೂ ಬಿಗಿಯಾಗಿ ತುಂಬಿ ನೋಡುತ್ತೇನೆ.